ನಿನ್ನ ಮನೆಯ ನೆರಳು ಅಳೆದು ಕಳಿಸು ಅಕ್ಕಾ

ಎಲ್ಲರಿಗೂ ನಮಸ್ಕಾರ. ಅಕ್ಕಾ, ಇದು ಮುಖ್ಯವಾಗಿ ನಿನಗೆ. ನಿನ್ನೆ ನಾನು ಶಾಲೆಯ ಫೋಟೋ ಹಾಕಿದ ಮೇಲೆ ನೀನು ಕೇಳಿದ್ದೆ, "ಯಾವಾಗ ನೋಡಿದರೂ ಮಕ್ಕಳು ಬಯಲಲ್ಲೇ ಇರುತ್ತಾರಲ್ಲ, ಪಾಠ ಯಾವಾಗ ಮಾಡುತ್ತೀರಿ?" ಅಂತ. ಅದರ ಕೆಳಗೆ ಮಾವ ಬರೆದಿದ್ದರು, ಇಂಥ ಚಳಿಯಲ್ಲಿ ಸಣ್ಣ ಮಕ್ಕಳನ್ನು ಹೊರಗೆ ಕೂರಿಸಿದರೆ ನೆಗಡಿ ಆಗುವುದಿಲ್ಲವೇ ಅಂತ. ಇಬ್ಬರೂ ಕೇಳಿದ್ದು ಸರಿಯಾಗೇ ಇದೆ. ಎರಡು ಸಾಲು ಟೈಪ್ ಮಾಡಿ ಮುಗಿಸುವ ಮಾತಲ್ಲ, ಅದಕ್ಕೆ ಉದ್ದಕ್ಕೇ ಹೇಳುತ್ತೇನೆ. ಪುರುಸೊತ್ತಾದಾಗ ಕೇಳಿ. ಕೊನೆಯಲ್ಲಿ ನಿನ್ನಿಂದ ಒಂದು ಕೆಲಸವೂ ಆಗಬೇಕು ಅಕ್ಕಾ.

ಮೊದಲು ಮಾವನ ಮಾತು. ಮಾವಾ, ನೆಗಡಿ ಬರುವುದು ವೈರಸ್‌ನಿಂದ. ಚಳಿಗೆ ಹೆದರಿ ಕಿಟಕಿ ಬಾಗಿಲು ಮುಚ್ಚಿ 23 ಮಕ್ಕಳನ್ನು ಒಂದೇ ಕೋಣೆಯಲ್ಲಿ ಒತ್ತಾಗಿ ಕೂರಿಸಿದರೆ ಅದು ಒಬ್ಬರಿಂದ ಒಬ್ಬರಿಗೆ ಇನ್ನೂ ಬೇಗ ಹರಡುತ್ತದೆ. ಹೊರಗೆ ಗಾಳಿ ಆಡುತ್ತದೆ, ಬಿಸಿಲು ಬೀಳುತ್ತದೆ. ಹಾಗಂತ ಎಚ್ಚರ ಬಿಟ್ಟಿಲ್ಲ. ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆ ಹಾಕಿಸಿ ಅಂತ ಮನೆಗಳಿಗೆ ಹೇಳಿದ್ದೇವೆ, ನಡುವೆ ನಿಲ್ಲುವ ಗಾಳಿಯೇ ಮೈ ಬೆಚ್ಚಗಿಡುತ್ತದೆ. ಬೆಳಗ್ಗೆ ತಂತಿಯ ಮೇಲೆ ಕೂತ ಹಕ್ಕಿಗಳು ಗರಿ ಉಬ್ಬಿಸಿ ಚೆಂಡಿನ ಹಾಗೆ ಆಗಿರುತ್ತವೆ ನೋಡಿ, ಅವೂ ಮಾಡುವುದು ಅದನ್ನೇ. ಇಬ್ಬರು ಮಕ್ಕಳಿಗೆ ಉಬ್ಬಸ ಇದೆ. ತಣ್ಣನೆಯ ಒಣ ಗಾಳಿ ಅವರಿಗೆ ಆಗಿಬರುವುದಿಲ್ಲ, ಅವರು ಬಿಸಿಲು ಏರಿದ ಮೇಲೆಯೇ ಹೊರಗೆ ಬರುತ್ತಾರೆ. ಹೊಗೆ ಕವಿದ ದಿನ ಯಾರನ್ನೂ ಬಿಡುವುದಿಲ್ಲ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಇರುತ್ತದೆ. ಮೇಲಿನದು ಮುಚ್ಚಳದ ಹಾಗೆ ಕೂತುಬಿಡುತ್ತದೆ. ಎಲ್ಲಾದರೂ ಕಸ ಸುಟ್ಟರೆ ಆ ಹೊಗೆ ಮೇಲೆ ಹೋಗದೆ ಕೆಳಗೇ ಹರಡುತ್ತದೆ. ಈ ಸಲ ಅಂಥ ಎರಡು ಬೆಳಗ್ಗೆ ಒಳಗೇ ಕೂತೆವು.

ಈಗ ಪಾಠದ ವಿಷಯ. ಅಕ್ಕಾ, ನಿನಗೆ ಗೊತ್ತಲ್ವಾ, ನಮ್ಮದು ಒಂದರಿಂದ ಐದರವರೆಗೆ ಎಲ್ಲರೂ ಸೇರಿ ಇರುವ ಶಾಲೆ. ಇಬ್ಬರೇ ಶಿಕ್ಷಕರು. ಕೋಣೆಯ ಒಳಗೆ ಐದು ತರಗತಿಗೆ ಐದು ಪಾಠ ಮಾಡಬೇಕು, ಒಬ್ಬರಿಗೆ ಹೇಳುವಾಗ ನಾಲ್ಕು ಗುಂಪು ಸುಮ್ನೆ ಕೂತಿರುತ್ತದೆ. ಹೊರಗೆ ಹೋದರೆ ಒಂದೇ ಕೆಲಸವನ್ನು ಎಲ್ಲರೂ ತಮ್ಮ ತಮ್ಮ ಮಟ್ಟಕ್ಕೆ ಮಾಡುತ್ತಾರೆ.

ನವೆಂಬರ್ ಮೊದಲ ವಾರ ಬಯಲಿನ ನಡುವೆ ಒಂದು ಕೋಲು ನೆಟ್ಟೆವು. ನೆಲದ ಮೇಲೆ ಸರಿಯಾಗಿ 1 ಮೀಟರ್ ಎತ್ತರ. ಮಧ್ಯಾಹ್ನ ಅದರ ನೆರಳನ್ನು ಅಳೆಯುವುದು, ಅಷ್ಟೇ ಕೆಲಸ. ಒಂದನೇ ತರಗತಿಯವರು ನೆರಳಿನ ತುದಿಗೆ ಕಲ್ಲು ಇಡುತ್ತಾರೆ. ಮೂರನೆಯವರು ಟೇಪ್ ಹಿಡಿಯುತ್ತಾರೆ. ಐದನೆಯವರು ಗೋಡೆಯ ಚಾರ್ಟ್‌ನಲ್ಲಿ ಗೆರೆ ಎಳೆಯುತ್ತಾರೆ. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಅಳೆದರೆ ಆಗುವುದಿಲ್ಲ ಅಂತ ಎರಡನೇ ದಿನವೇ ಗೊತ್ತಾಯಿತು. ಹನ್ನೆರಡು ಕಳೆದ ಮೇಲೂ ನೆರಳು ಗಿಡ್ಡ ಆಗುತ್ತಲೇ ಇತ್ತು. ನೆರಳು ಅತಿ ಗಿಡ್ಡ ಆಗುವ ಹೊತ್ತೇ ನಿಜವಾದ ನಡು ಮಧ್ಯಾಹ್ನ. ಆ ಹೊತ್ತಿಗೆ ಕಾದು, ಅದನ್ನೂ ಬರೆದಿಡಬೇಕು.

ನವೆಂಬರ್ 10ಕ್ಕೆ ನೆರಳು 63 ಸೆಂಟಿಮೀಟರ್ ಇತ್ತು. ದಿನಾ ಒಂದಿಷ್ಟು ಬೆಳೆಯುತ್ತಾ ಡಿಸೆಂಬರ್ 22ಕ್ಕೆ 80 ತಲುಪಿತು. ಅಲ್ಲಿಗೆ ನಿಂತಿತು ಅಕ್ಕಾ! ಆಚೆ ಈಚೆ ಏಳೆಂಟು ದಿನ ಏನೂ ಬದಲಾಗಲಿಲ್ಲ, ಆಮೇಲೆ ಹಿಂದಕ್ಕೆ ಬರತೊಡಗಿತು. ಪುಸ್ತಕದಲ್ಲಿ ಒಂದು ಸಾಲು ಓದಿ ಬಿಡುವ ವಿಷಯ ಇದು. ಮಕ್ಕಳು ಕಲ್ಲು ಇಟ್ಟು ಇಟ್ಟು ಅದನ್ನು ಕಣ್ಣಾರೆ ಕಂಡರು. ಆವತ್ತು ಎರಡನೇ ತರಗತಿಯ ಒಬ್ಬ ಕಲ್ಲನ್ನು ಈ ಕಡೆಗೆ ಇಡುವಾಗ "ವಾಪಸ್ ಬಂತು, ವಾಪಸ್ ಬಂತು" ಅಂತ ಕೂಗಿಕೊಂಡ. ನನಗೂ ಕಣ್ಣು ತುಂಬಿ ಬಂತು.

ನಡುವೆ ಒಂದು ಎಡವಟ್ಟೂ ಆಗಿತ್ತು. ಡಿಸೆಂಬರ್ ಮೊದಲಲ್ಲಿ ನಾಲ್ಕು ದಿನದ ಲೆಕ್ಕ ಚಾರ್ಟಿನ ಗೆರೆಯಿಂದ ಹೊರಗೆ ಬಿತ್ತು. ಟೇಪ್ ತಪ್ಪೋ, ಕಣ್ಣು ತಪ್ಪೋ ಅಂತ ದೊಡ್ಡ ಚರ್ಚೆ. ಕೊನೆಗೆ ಐದನೇ ತರಗತಿಯ ಹುಡುಗಿಯೊಬ್ಬಳು ದಾರಕ್ಕೆ ಕಲ್ಲು ಕಟ್ಟಿ ಕೋಲಿನ ಪಕ್ಕ ಇಳಿಬಿಟ್ಟು ನೋಡಿದಳು. ಕೋಲು ವಾಲಿತ್ತು. ಆಟದಲ್ಲಿ ಯಾರೋ ತಾಗಿಸಿದ್ದರು. ಆ ನಾಲ್ಕು ಲೆಕ್ಕವನ್ನು ಏನು ಮಾಡುವುದು? ಒಬ್ಬ ಹುಡುಗ, ಆಚೆ ಈಚಿನ ಅಂಕಿ ನೋಡಿ ನಡುವಿನದನ್ನು ಅಂದಾಜಿಗೆ ತುಂಬಿಸೋಣ ಅಂದ. ಉಳಿದವರು ಒಪ್ಪಲಿಲ್ಲ. ಅಳೆಯದೇ ಇದ್ದದ್ದನ್ನು ಅಳೆದ ಹಾಗೆ ಬರೆಯಬಾರದು ಅಂದರು. ಆ ನಾಲ್ಕು ಮನೆ ಇವತ್ತಿಗೂ ಖಾಲಿ ಇವೆ, ಪಕ್ಕದಲ್ಲಿ "ಕೋಲು ವಾಲಿತ್ತು" ಅಂತ ಬರೆದಿದೆ. ನಾನು ಒಂದು ಮಾತೂ ಹೇಳಿಕೊಡಲಿಲ್ಲ.

ಚಳಿ ಯಾಕೆ ಬರುತ್ತದೆ ಅಂತ ಕೇಳಿದರೆ ಮೊದಲು ಎಲ್ಲರೂ ಹೇಳಿದ್ದು ಒಂದೇ, ಸೂರ್ಯ ದೂರ ಹೋಗುತ್ತಾನೆ ಅಂತ. ಆದರೆ ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ವರ್ಷದಲ್ಲೇ ಅತಿ ಹತ್ತಿರ ಇರುತ್ತದೆ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ 15.2 ಕೋಟಿ. ಇದನ್ನು ಹೇಳಿದಾಗ ಮಕ್ಕಳು ನಂಬಲೇ ಇಲ್ಲ. ಆಗ ಸ್ಲೇಟಿನ ಮೇಲೆ ಟಾರ್ಚ್ ಬಿಟ್ಟು ತೋರಿಸಿದೆ. ನೇರವಾಗಿ ಹಿಡಿದರೆ ಸಣ್ಣ ಬಿಲ್ಲೆ, ಓರೆಯಾಗಿ ಹಿಡಿದರೆ ಅದೇ ಬೆಳಕು ಉದ್ದಕ್ಕೆ ಹರಡಿ ಮಂಕಾಗುತ್ತದೆ. ಭೂಮಿ 23.5 ಡಿಗ್ರಿ ಓರೆಯಾಗಿ ನಿಂತು ಸುತ್ತುವುದರಿಂದ ಈ ತಿಂಗಳುಗಳಲ್ಲಿ ಭೂಮಿಯ ಉತ್ತರದ ಅರ್ಧಕ್ಕೆ ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಗಿಡ್ಡ. ನಮ್ಮ ಉದ್ದದ ನೆರಳೇ ಅದಕ್ಕೆ ಸಾಕ್ಷಿ.

ಇನ್ನೊಂದು ಪ್ರಶ್ನೆ ನನ್ನನ್ನೇ ನಿಲ್ಲಿಸಿಬಿಟ್ಟಿತು ಅಕ್ಕಾ. ಅದೇ ಐದನೇ ತರಗತಿಯ ಹುಡುಗಿ. "ಟೀಚರ್, ಡಿಸೆಂಬರ್ 22 ಆದ ಮೇಲೆ ಹಗಲು ಉದ್ದ ಆಗುತ್ತದೆ ಅಂತ ಹೇಳಿದಿರಿ. ಆದರೆ ಬೆಳಗ್ಗೆ ಸೂರ್ಯ ಬೇಗ ಬರುತ್ತಿಲ್ಲ, ಇನ್ನೂ ತಡ ಮಾಡುತ್ತಿದ್ದಾನೆ" ಅಂದಳು. ದಿನಾ ಬೆಳಗ್ಗೆ ಮನೆಯಿಂದ ನಡೆದು ಬರುವವಳು, ದಾರಿಯಲ್ಲಿ ಎಲ್ಲಿ ಬಿಸಿಲು ಸಿಗುತ್ತದೆ ಅಂತ ಗುರುತು ಮಾಡಿಕೊಂಡಿದ್ದಳು. ಅವಳು ಹೇಳಿದ್ದು ಸರಿ. ಉತ್ತರ ನಮ್ಮ ನೆರಳಿನ ಚಾರ್ಟ್‌ನಲ್ಲೇ ಇತ್ತು. ಗಿಡ್ಡ ನೆರಳು ಬೀಳುವ ಹೊತ್ತನ್ನು ಬರೆದಿಟ್ಟಿದ್ದೆವಲ್ಲ, ಅದು ದಿನದಿಂದ ದಿನಕ್ಕೆ ಮುಂದಕ್ಕೆ ಸರಿಯುತ್ತಿತ್ತು. ನವೆಂಬರ್ ಮೊದಲಿಗೂ ಈಗ ಜನವರಿ ನಡುವಿಗೂ ಸುಮಾರು 25 ನಿಮಿಷದ ವ್ಯತ್ಯಾಸ! ಭೂಮಿಯ ಓರೆ ಒಂದು ಕಾರಣ. ಅದು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲದೆ ಇರುವುದು ಇನ್ನೊಂದು. ಹಾಗಾಗಿ ಇಡೀ ಹಗಲೇ ಗಡಿಯಾರದಲ್ಲಿ ಮುಂದಕ್ಕೆ ಜರುಗುತ್ತದೆ. ಸೂರ್ಯ ಹುಟ್ಟುವುದು ಸ್ವಲ್ಪ ತಡ ಆಗುತ್ತದೆ, ಮುಳುಗುವುದು ಅದಕ್ಕಿಂತ ಜಾಸ್ತಿ ತಡ ಆಗುತ್ತದೆ. ಹಗಲು ಉದ್ದ ಆಗುತ್ತಿರುವುದು ಸಂಜೆಯ ಕಡೆಯಿಂದ. ಇದನ್ನು ನಾನೂ ಆವತ್ತು ರಾತ್ರಿ ಕೂತು ಓದಿಕೊಂಡೇ ಮರುದಿನ ಹೇಳಿದ್ದು. ಒಳಗೆ ಕೂತು ಪುಸ್ತಕ ಓದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ನೀನು ಪಾಠ ಯಾವಾಗ ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಹುಡುಗಿಯೇ.

ಇಬ್ಬನಿಯದೂ ಹಾಗೇ. ಇಬ್ಬನಿ ಬಿತ್ತು ಅಂತ ನಾವೆಲ್ಲ ಹೇಳುತ್ತೇವಲ್ಲ. ಮೂರನೇ ತರಗತಿಯವನೊಬ್ಬ ಕೇಳಿದ, "ಎಲ್ಲಿಂದ ಬೀಳುತ್ತದೆ? ಮಳೆಯ ಹಾಗೆ ಮೇಲಿಂದಲೇ?" ಸರಿ, ರಾತ್ರಿ ಎರಡು ಸ್ಲೇಟು ಹೊರಗೆ ಇಟ್ಟೆವು, ಒಂದು ಬಯಲಲ್ಲಿ, ಒಂದು ದಟ್ಟ ಮರದ ಅಡಿ. ಬೆಳಗ್ಗೆ ಬಯಲಿನ ಸ್ಲೇಟು ತೊಯ್ದಿತ್ತು, ಮರದಡಿಯದು ಒಣಗಿತ್ತು. ಮರ ತಡೆದಿದೆ, ಅಂದರೆ ಮೇಲಿಂದಲೇ ಬೀಳುತ್ತದೆ ಅಂತ ಅರ್ಧ ಮಕ್ಕಳು ಗೆದ್ದ ಹಾಗೆ ಕುಣಿದರು. ನಾನು ತಕ್ಷಣ ಏನೂ ಹೇಳಲಿಲ್ಲ. ಮರುದಿನ ಮೋಡ ಕವಿದ ರಾತ್ರಿ. ಬೆಳಗ್ಗೆ ನೋಡಿದರೆ ಎರಡೂ ಸ್ಲೇಟು ಒಣಗಿವೆ. ಆಗ ಯೋಚನೆ ಶುರುವಾಯಿತು. ಬಯಲಲ್ಲಿರುವ ಸ್ಲೇಟು ರಾತ್ರಿಯಿಡೀ ತನ್ನ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯ ಆವಿ ಅಲ್ಲೇ ನೀರಾಗುತ್ತದೆ. ಮರದ ಎಲೆಗಳು ಕೆಳಗಿನ ಬಿಸಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. "ಹಾಗಾದರೆ ಮೋಡ ಇಡೀ ಊರಿಗೇ ಮರ ಇದ್ದ ಹಾಗೆ" ಅಂತ ಆ ಮೂರನೇ ತರಗತಿಯವನೇ ಹೇಳಿದ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಇಬ್ಬನಿ ಕೂತ ಬೆಳಗ್ಗೆ ಬೇಲಿಯಲ್ಲಿ ಜೇಡರ ಬಲೆಗಳೂ ಕಾಣುತ್ತವೆ. ಬೇರೆ ದಿನ ಅಲ್ಲಿ ಇವೆ ಅಂತಲೇ ಗೊತ್ತಾಗುವುದಿಲ್ಲ. ಸುತ್ತು ಸುತ್ತಾದ ಎಳೆಗಳಲ್ಲಿ ಅಂಟು, ನಡುವಿನಿಂದ ಹೊರಗೆ ಹೋಗುವ ಎಳೆಗಳಲ್ಲಿ ಅಂಟಿಲ್ಲ. ಒಣ ಹುಲ್ಲಿನ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿದೆವು.

ಕಳೆದ ಶುಕ್ರವಾರ ಸಂಜೆ ಮನೆಯವರ ಜೊತೆ ಮಕ್ಕಳನ್ನು ಕರೆಸಿ ನಕ್ಷತ್ರ ನೋಡಿದೆವು. ಚಳಿಗಾಲದ ಆಕಾಶ ನಿಚ್ಚಳವಾಗಿರುತ್ತದೆ. ಬೇಟೆಗಾರನ ಹಾಗೆ ಕಾಣುವ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರ ಹಿಡಿದು ಗೆರೆ ಎಳೆದರೆ ಲುಬ್ಧಕ ಸಿಗುತ್ತದೆ, ರಾತ್ರಿಯ ಆಕಾಶದಲ್ಲೇ ಅತಿ ಹೊಳೆಯುವ ನಕ್ಷತ್ರ. ಅದರ ಬೆಳಕು ನಮಗೆ ಬರಲು ಸುಮಾರು 8.6 ವರ್ಷ ಬೇಕು. ಎಂಟೂವರೆ ವರ್ಷದ ಒಬ್ಬ ಹುಡುಗಿಗೆ, ನೀನು ಹುಟ್ಟುವ ಹೊತ್ತಿಗೆ ಹೊರಟ ಬೆಳಕು ಈಗ ನಿನ್ನ ಕಣ್ಣಿಗೆ ಬೀಳುತ್ತಿದೆ ಅಂದೆ. ಅವಳು ಅಮ್ಮನ ಕೈ ಬಿಟ್ಟು ಮುಂದೆ ಬಂದು ತುಂಬಾ ಹೊತ್ತು ನೋಡುತ್ತಾ ನಿಂತಳು.

ಈಗ ನಿನ್ನ ಕೆಲಸ ಅಕ್ಕಾ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಅಂತ ಒಬ್ಬ ಇದ್ದ. ಈಜಿಪ್ಟಿನ ಸಿಯೀನ್ ಊರಿನಲ್ಲಿ ಬೇಸಿಗೆಯ ಅತಿ ಉದ್ದದ ಹಗಲಿನ ನಡು ಮಧ್ಯಾಹ್ನ ನೆರಳೇ ಇರುವುದಿಲ್ಲ, ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಇರುತ್ತದೆ ಅನ್ನುವುದನ್ನು ಹಿಡಿದು ಅವನು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಎರಡು ಊರಿನಲ್ಲಿ ಬಿಸಿಲು ಬೀಳುವ ಕೋನದ ವ್ಯತ್ಯಾಸ 7.2 ಡಿಗ್ರಿ, ಅಂದರೆ ಪೂರ್ತಿ ಸುತ್ತಿನ 50ರಲ್ಲಿ ಒಂದು ಪಾಲು. ಹಾಗಾಗಿ ಆ ಎರಡು ಊರಿನ ನಡುವಿನ ದೂರದ 50 ಪಟ್ಟು ಭೂಮಿಯ ಸುತ್ತಳತೆ. ಇದನ್ನು ಕೇಳಿದಾಗಿನಿಂದ ನಮ್ಮ ಮಕ್ಕಳಿಗೆ ಇನ್ನೊಂದು ಊರಿನ ನೆರಳು ಬೇಕಾಗಿದೆ. ನೀನು ನಮಗಿಂತ ಎಷ್ಟೋ ಉತ್ತರಕ್ಕೆ ಇದ್ದೀಯ. ನಿನ್ನ ನೆರಳು ನಮ್ಮದಕ್ಕಿಂತ ಉದ್ದ ಇರಲೇಬೇಕು. ಎಷ್ಟು ಉದ್ದ ಅಂತ ಗೊತ್ತಾದರೆ ಮಕ್ಕಳು ಹಾಳೆಯ ಮೇಲೆ ಎರಡು ಚಿತ್ರ ಬರೆದು ಕೋನ ಅಳೆಯುತ್ತಾರೆ. ನಿನ್ನೂರು ನಮ್ಮೂರಿಗಿಂತ ಎಷ್ಟು ಕಿಲೋಮೀಟರ್ ಉತ್ತರಕ್ಕಿದೆಯೋ ಅದನ್ನು ಎರಡು ಕೋನದ ವ್ಯತ್ಯಾಸದಿಂದ ಭಾಗಿಸಿದರೆ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಸಿಗಬೇಕು. ಎಷ್ಟು ಬರುತ್ತದೆ ನೋಡೋಣ.

ಬರುವ ಬುಧವಾರ ಮಾಡು. ಎರಡೂ ಕಡೆ ಒಂದೇ ದಿನ ಆಗಬೇಕು, ಒಂದೇ ನಿಮಿಷ ಆಗಬೇಕಿಲ್ಲ. ತಾರಸಿಯ ಮೇಲೆ ಸಮತಟ್ಟಾದ ಜಾಗದಲ್ಲಿ 1 ಮೀಟರ್ ಕೋಲು ನಿಲ್ಲಿಸು. ದಾರಕ್ಕೆ ಏನಾದರೂ ಭಾರ ಕಟ್ಟಿ, ಕೋಲು ನೆಟ್ಟಗಿದೆಯಾ ಅಂತ ನೋಡಿಕೋ. ಹನ್ನೊಂದೂವರೆಯಿಂದ ಒಂದು ಗಂಟೆವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕು. ಅತಿ ಗಿಡ್ಡ ಯಾವುದೋ ಅದರ ಅಳತೆ, ಆ ಹೊತ್ತು, ಎರಡನ್ನೂ ಕಳಿಸು. ಮಾವಾ, ನೀವೂ ಬಿಸಿಲಿಗೆ ಬಂದು ಕೂತು ಗಡಿಯಾರ ನೋಡಿ ಹೇಳಿ, ಅಕ್ಕನಿಗೆ ಸಹಾಯ ಆಗುತ್ತದೆ. ಮೋಡ ಬಂದರೆ ಬಿಟ್ಟುಬಿಡಿ, ಮೋಡ ಇತ್ತು ಅಂತಲೇ ಬರೆದು ಕಳಿಸಿ. ಗುರುವಾರ ಅಳೆಯೋಣ.