ಚಿಕ್ಕಪ್ಪನ ಗೋವಿನಜೋಳದ ಹುಳಕ್ಕೆ

ಚಿಕ್ಕಪ್ಪಾ, ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ. ಬೆಳಿಗ್ಗೆ ನೀವು ಮನೆಯವರ ಗ್ರೂಪಿನಲ್ಲಿ ಹಾಕಿದ ಗೋವಿನಜೋಳದ ಫೋಟೋ ನೋಡಿದೆ. ಬಿತ್ತಿ 25 ದಿನ ಆಯ್ತು, ಎಲೆಯೆಲ್ಲ ತೂತು, ಅಂಗಡಿಯವರು ಎರಡು ಡಬ್ಬ ಔಷಧಿ ಕೊಟ್ಟು ಎರಡನ್ನೂ ಸೇರಿಸಿ ಹೊಡೀರಿ ಅಂದಿದ್ದಾರೆ ಅಂತ ಹೇಳಿದ್ದೀರಿ. ದೊಡ್ಡಣ್ಣ ಬೇರೆ, ಹೊಲ ಹರಗಿಬಿಡಿ ಅಂತಿದ್ದಾನೆ. ದಯವಿಟ್ಟು ಇವತ್ತು ಎರಡನ್ನೂ ಮಾಡಬೇಡಿ. ಮೊದಲು ಹುಳ ಎಷ್ಟು ದಪ್ಪ ಇದೆ ನೋಡಿ.

ನೋಡುವುದು ಹೇಗೆ ಅಂದರೆ, ತೂತು ಬಿದ್ದ ಎಲೆ ನೋಡಿ ಪ್ರಯೋಜನ ಇಲ್ಲ. ಅದು ಹಳೆಯ ಗಾಯ. ಎಲೆ ಸುಳಿಯಲ್ಲಿ ಸುತ್ತಿಕೊಂಡಿದ್ದಾಗ ತಿಂದಿದ್ದು, ಬಿಚ್ಚಿಕೊಂಡ ಮೇಲೆ ಸಾಲಾಗಿ ತೂತು ಕಾಣುತ್ತದೆ. ಸುಳಿಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ. ಒದ್ದೆ ಮರದ ಹೊಟ್ಟಿನ ಹಾಗೆ ಹಿಕ್ಕೆ ತುಂಬಿರುತ್ತದೆ. ಅದನ್ನು ಸರಿಸಿದರೆ ಕೆಳಗೆ ಹುಳ ಮುದುರಿಕೊಂಡು ಕೂತಿರುತ್ತದೆ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದ ಹಾಗೆ ಬಿಳಿ ಗೆರೆ. ಹಿಂಭಾಗದಲ್ಲಿ, ಬಾಲದ ಕಡೆಯಿಂದ ಎರಡನೇ ಭಾಗದ ಮೇಲೆ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ನಾಲ್ಕು ಕಪ್ಪು ಚುಕ್ಕಿ ಚೌಕವಾಗಿ. ಎರಡೂ ಕಂಡರೆ ಅದು ಫಾಲ್ ಸೈನಿಕ ಹುಳುವೇ. ನಾವು ಲದ್ದಿ ಹುಳ ಅಂತೀವಲ್ಲ, ಆ ಪೈಕಿ.

ಇದರ ಜೊತೆ ನಮಗೆ 2018ರಿಂದ ಒಡನಾಟ. ಆ ವರ್ಷ ಮೇ ತಿಂಗಳಲ್ಲಿ ಇಡೀ ದೇಶದಲ್ಲೇ ಮೊದಲು ಇದು ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲಿ. ಇಲ್ಲಿನ ಕೃಷಿ ವಿಶ್ವವಿದ್ಯಾಲಯದವರೇ ಗುರುತು ಹಿಡಿದರು. ಅಮೆರಿಕದ ಕಡೆಯ ಹುಳ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು, ಎರಡೇ ವರ್ಷಕ್ಕೆ ನಮ್ಮ ಹೊಲದಲ್ಲಿತ್ತು. ಚಿಟ್ಟೆ ಒಂದೇ ರಾತ್ರಿ 100 ಕಿಲೋಮೀಟರ್ ತನಕ ಹಾರುತ್ತದಂತೆ, ಇನ್ನೇನು ಬೇಕು. ನಮಗೆ ಆಗ ಇದು ಗೊತ್ತೇ ಇರಲಿಲ್ಲ. ಕಾಂಡ ಕೊರಕ ಅಂದುಕೊಂಡು, ಅಂಗಡಿಯಲ್ಲಿ ಕೊಟ್ಟಿದ್ದನ್ನೆಲ್ಲ ಸೇರಿಸಿ ಮೂರು ಸಲ ಹೊಡೆದೆವು. ಹುಳ ಅರ್ಧ ಬೆರಳಷ್ಟು ಉದ್ದ ಆಗಿತ್ತು. ಮೇಲೆ ಅದರದೇ ಹಿಕ್ಕೆಯ ಮುಚ್ಚಳ. ಔಷಧಿ ಎಲೆ ಮೇಲೆ ಬಿದ್ದು ಒಣಗಿತು, ಹುಳಕ್ಕೆ ತಾಗಲೇ ಇಲ್ಲ. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮಗೆ ಹಾಗೆ ಆಗಬಾರದು ಅಂತಲೇ ಇಷ್ಟು ಹೇಳುತ್ತಿರುವುದು.

ಮೊಟ್ಟೆ ಗುಂಪಾಗಿ ಇಡುತ್ತದೆ, ಒಂದು ಗುಂಪಿಗೆ ನೂರು ಇನ್ನೂರು. ಮೇಲೆ ತನ್ನ ಮೈಯ ನಯವಾದ ಕೂದಲು ಉದುರಿಸಿ ಮುಚ್ಚುತ್ತದೆ, ಎಲೆಗೆ ಬೂಸ್ಟು ಹಿಡಿದ ಹಾಗೆ ಕಾಣುತ್ತದೆ. ಎರಡು ಮೂರು ದಿನಕ್ಕೆ ಮರಿ. ಮರಿ ಎಲೆಯನ್ನು ತೂತು ಮಾಡುವುದಿಲ್ಲ, ಹಸಿರನ್ನು ಮಾತ್ರ ಕೆರೆದು ತಿನ್ನುತ್ತದೆ. ಎಲೆ ಮೇಲೆ ಬೆಳ್ಳಗೆ ಕಾಗದದಂಥ ಕಲೆ ಬೀಳುತ್ತದೆ. ಆ ಕಲೆ ಕಂಡ ದಿನವೇ ಔಷಧಿ ಹೊಡೆಯಲು ನಮ್ಮ ದಿನ, ಚಿಕ್ಕಪ್ಪಾ. ನೂಲು ಬಿಟ್ಟುಕೊಂಡು ಗಾಳಿಯಲ್ಲಿ ತೇಲಿ ಪಕ್ಕದ ಗಿಡಕ್ಕೆ ಹೋಗುವುದೂ ಆ ವಯಸ್ಸಿನಲ್ಲೇ. ಆಮೇಲೆ ಸುಳಿಗೆ ಇಳಿದರೆ ಒಂದನ್ನೊಂದು ತಿಂದು, ಸುಳಿಗೆ ಒಂದೋ ಎರಡೋ ಉಳಿಯುತ್ತವೆ. ಎರಡು ಮೂರು ವಾರ ತಿಂದು, ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ. ತಿನ್ನುವುದರಲ್ಲಿ ಮುಕ್ಕಾಲು ಪಾಲು ಕೊನೆಯ ಕೆಲವೇ ದಿನಗಳಲ್ಲಿ.

ಈಗ ನಿಮ್ಮ ಹೊಲ. ನಾಳೆ ಬಿಸಿಲು ಏರುವ ಮೊದಲು ಐದು ಕಡೆ ನಿಂತು 20 ಗಿಡದಂತೆ 100 ಗಿಡದ ಸುಳಿ ನೋಡಿ. ಹಾಳಾಗಿದ್ದು ಹತ್ತರ ಒಳಗಿದ್ದು ಹುಳ ಸಣ್ಣಗಿದ್ದರೆ ಬೇವಿನ ಬೀಜದ ಕಷಾಯ ಸಾಕು. ಲೀಟರಿಗೆ 50 ಗ್ರಾಂ ಪುಡಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪಿನ ಪುಡಿ. ಅದಕ್ಕಿಂತ ಜಾಸ್ತಿ ಇದ್ದರೆ ಇಮಾಮೆಕ್ಟಿನ್ ಬೆಂಜೊಯೇಟ್ ಶೇ 5ರದ್ದು, ಲೀಟರಿಗೆ 0.4 ಗ್ರಾಂ. ನಿಮ್ಮ 16 ಲೀಟರಿನ ಟ್ಯಾಂಕಿಗೆ ಆರೂವರೆ ಗ್ರಾಂ ಹತ್ತಿರ. ಅಳೆದು ಹಾಕಿ, ಮುಚ್ಚಳದ ಲೆಕ್ಕ ಬೇಡ. ಇದೊಂದೇ ಸಾಕು, ಅಂಗಡಿಯವರು ಕೊಟ್ಟ ಎರಡನ್ನು ಸೇರಿಸಬೇಡಿ. ಸಂಜೆ ಹೊಡೀರಿ, ಹುಳ ಕತ್ತಲಾದ ಮೇಲೆ ಹೊರಗೆ ಬರುತ್ತದೆ. ನಾಜಲ್ ನೇರ ಸುಳಿಯ ಬಾಯಿಗೆ ಹಿಡಿಯಿರಿ, ಸುಳಿ ತುಂಬಬೇಕು. ಇನ್ನೊಮ್ಮೆ ಬೇಕಾಗಿ ಬಂದರೆ ಬೇರೆ ಔಷಧಿ, ಅದೇ ಅದೇ ಹೊಡೆದರೆ ಹುಳಕ್ಕೆ ಒಗ್ಗಿಹೋಗುತ್ತದೆ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್. ಹೊಡೆದ ಮೇವನ್ನು ಡಬ್ಬದಲ್ಲಿ ಬರೆದಷ್ಟು ದಿನ ದನಕ್ಕೆ ಹಾಕಬೇಡಿ.

ಹುಳ ಅರ್ಧ ಬೆರಳಷ್ಟು ಬೆಳೆದಿದ್ದರೆ ಮಾತ್ರ ಸಿಂಪಡಣೆ ಸುಮ್ನೆ ದಂಡ. ಆಗ ವಿಷಪಾಷಾಣ, ಅಂದರೆ ಹುಳ ತಿಂದು ಸಾಯಲಿ ಅಂತ ಇಡುವ ವಿಷದ ತಿಂಡಿ: 10 ಕೆಜಿ ಅಕ್ಕಿ ತವುಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು, ಒಂದು ದಿನ ಹುಳಿ ಬರಲು ಬಿಡಬೇಕು. ಅದಕ್ಕೆ ಸೇರಿಸುವ ವಿಷ ಯಾವುದು, ಎಷ್ಟು ಅನ್ನುವುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಹಾಕಿ. ಚಿಟಿಕೆ ಚಿಟಿಕೆ ಸುಳಿಗೆ ಉದುರಿಸಬೇಕು. ನಾಯಿ, ಕೋಳಿ, ದನ ಆ ಕಡೆ ಸುಳಿಯದ ಹಾಗೆ ನೋಡಿಕೊಳ್ಳಿ.

ಇನ್ನೊಂದು ವಿಷಯ ಮರೆತೆ. ಜಡಿಮಳೆ ಹಿಡಿದರೆ ಕೆಲವು ಹುಳ ಎಲೆ ಮೇಲೆ ಹತ್ತಿ ಹಾಗೇ ಸತ್ತು, ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಅಕ್ಕಿಹಿಟ್ಟಿನಲ್ಲಿ ಹೊರಳಿಸಿದ ಹಾಗೆ ಬೆಳ್ಳಗೆ, ನಾಲ್ಕು ದಿನ ಬಿಟ್ಟರೆ ತಿಳಿ ಹಸಿರು. ಅದು ಮೆಟಾರೈಜಿಯಂ ಅನ್ನುವ ಶಿಲೀಂಧ್ರ, ಹುಳಕ್ಕೆ ಬರುವ ರೋಗ. ಅಂಥವನ್ನು ಕಿತ್ತು ಬಿಸಾಡಬೇಡಿ, ಅದರ ಪುಡಿ ಹಾರಿ ಉಳಿದ ಹುಳಕ್ಕೂ ತಗಲುತ್ತದೆ. ಹಾಗೆ ಜಾಸ್ತಿ ಕಂಡರೆ ಟ್ಯಾಂಕ್ ಕೆಳಗಿಟ್ಟುಬಿಡಿ.

ದೊಡ್ಡಣ್ಣಾ, ಹರಗುವುದು ಬೇಡ ಕಣೋ. ಈ ವಯಸ್ಸಿನ ಗೋವಿನಜೋಳ ಎಲೆ ಹೋದರೂ ಚೇತರಿಸಿಕೊಳ್ಳುತ್ತದೆ, ಒಳಗಿನ ಕುಡಿ ಕಡಿದಿರಬಾರದು ಅಷ್ಟೇ. ನಮ್ಮ ಹೊಲ ಇದಕ್ಕಿಂತ ಕೆಟ್ಟದಾಗಿ ಕಂಡಿದ್ದು ತೆನೆ ಕಟ್ಟಿದೆ, ನೀನೇ ನೋಡಿದ್ದೀಯ ಅಲ್ವಾ.

ಚಿಕ್ಕಪ್ಪಾ, ನಾಳೆ ಸುಳಿ ಬಿಡಿಸಿ ಹುಳವನ್ನು ಅಂಗೈ ಮೇಲೆ ಇಟ್ಟು ಫೋಟೋ ಕಳಿಸಿ, ಪಕ್ಕದಲ್ಲಿ ಬೆಂಕಿಕಡ್ಡಿ ಇಡಿ, ಅಳತೆ ಗೊತ್ತಾಗುತ್ತದೆ. ಅಲ್ಲಿಯ ತನಕ ಆ ಎರಡು ಡಬ್ಬದ ಸೀಲ್ ಒಡೀಬೇಡಿ, ವಾಪಸ್ ತಗೋತಾರಾ ಕೇಳೋಣ.