ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಾಗ ಮಗುವಿನ ಪದಕ್ರಮ ತಪ್ಪುವುದಕ್ಕೆ ಮನೆಯ ಕನ್ನಡ ಕಾರಣವೇ?

ಪ್ರಶ್ನೆ: ಪೋಷಕರು, ಚಿಕ್ಕಬಳ್ಳಾಪುರ
ನಾಲ್ಕು ವರ್ಷದ ನಮ್ಮ ಮಗಳು ಈ ವರ್ಷ ಎಲ್‌ಕೆಜಿಗೆ ಸೇರಿದ್ದಾಳೆ. ‘ಅಜ್ಜಿ ಎಲ್ಲಿಗೆ ಹೋದ್ರು?’, ‘ಇದು ನಂದಾ?’ ಎಂದು ಕನ್ನಡದಲ್ಲಿ ಸರಿಯಾಗಿಯೇ ಕೇಳುವವಳು ಇಂಗ್ಲಿಷಿನಲ್ಲಿ ಮಾತ್ರ ‘ವೈ ಹೀ ಈಸ್ ಕ್ರೈಯಿಂಗ್?’ ಎನ್ನುತ್ತಾಳೆ. ಮನೆಯಲ್ಲಿ ಕನ್ನಡ ಕಡಿಮೆ ಮಾಡಿ ಎಂದು ಶಾಲೆಯಲ್ಲಿ ಹೇಳಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಭಾಷಾವಿಜ್ಞಾನದ ಅಧ್ಯಾಪಕಿ, ತುಮಕೂರು
ಕನ್ನಡವನ್ನು ಖಂಡಿತ ಕಡಿಮೆ ಮಾಡಬೇಡಿ. ಇಂಗ್ಲಿಷನ್ನು ಬಿಟ್ಟು ಬೇರೆ ಭಾಷೆಯನ್ನೇ ಕೇಳದ ಮಕ್ಕಳೂ ಹೀಗೆಯೇ ಕೇಳುತ್ತಾರೆ. 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರೋಜರ್ ಬ್ರೌನ್ ಅವರ ತಂಡವು ಆಡಂ, ಈವ್, ಸಾರಾ ಎಂದು ಕರೆದ ಮೂವರು ಅಮೆರಿಕನ್ ಮಕ್ಕಳ ಮಾತನ್ನು ದಾಖಲಿಸಿತು. ಅದನ್ನು ಪರಿಶೀಲಿಸಿ ಸಂಶೋಧಕರಾದ ಕ್ಲೈಮಾ ಮತ್ತು ಬೆಲೂಜಿ 1966ರಲ್ಲಿ ಬರೆದ ಲೇಖನದಲ್ಲಿ ‘ವಾಟ್ ಹೀ ಕ್ಯಾನ್ ರೈಡ್ ಇನ್?’ ಎಂಬಂಥ ಪ್ರಶ್ನೆಗಳಿವೆ.

ಕನ್ನಡದಲ್ಲಿ ‘ಅಜ್ಜಿ ಕೋಲಾರಕ್ಕೆ ಹೋದರು’ ಎಂಬುದನ್ನು ಪ್ರಶ್ನೆಯಾಗಿಸಲು ‘ಕೋಲಾರಕ್ಕೆ’ ಇದ್ದ ಜಾಗದಲ್ಲಿ ‘ಎಲ್ಲಿಗೆ’ ಇಟ್ಟರೆ ಸಾಕು. ಹೌದೋ ಅಲ್ಲವೋ ಎಂದು ಕೇಳಲು ಕೊನೆಯಲ್ಲಿ ‘ಆ’ ಅಥವಾ ‘ಏ’ ಸೇರಿಸಿದರೆ ಆಯಿತು, ಉಳಿದ ಪದಗಳು ಕದಲುವುದಿಲ್ಲ. ಇಂಗ್ಲಿಷಿನಲ್ಲಾದರೋ ಪ್ರಶ್ನಪದವನ್ನು ಮೊದಲಿಗೆ ತಂದು, ‘ಈಸ್’, ‘ಕ್ಯಾನ್’ನಂಥ ಸಹಾಯಕ ಕ್ರಿಯಾಪದವನ್ನು ಕರ್ತೃವಿನ ಹಿಂದಿನಿಂದ ಮುಂದಕ್ಕೆ ತರಬೇಕು. ಅಂಥ ಪದವೇ ಇಲ್ಲದಿದ್ದರೆ ‘ಡೂ’ ಎಂಬುದನ್ನು ಹೊಸದಾಗಿ ಸೇರಿಸಬೇಕು. ನಿಮ್ಮ ಮಗಳು ಮೊದಲ ಕೆಲಸವನ್ನು ಆಗಲೇ ಕಲಿತಿದ್ದಾಳೆ. ಅವಳು ಕನ್ನಡದ ಕ್ರಮವನ್ನೇ ಅನುಸರಿಸಿದ್ದರೆ ‘ವೈ’ ಎಂಬುದು ವಾಕ್ಯದ ನಡುವೆ, ಕ್ರಿಯಾಪದದ ಬಳಿ ಬರುತ್ತಿತ್ತು.

ಉತ್ತರ: ಪೋಷಕರು, ಕೋಲಾರ
ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಎರಡರಲ್ಲೂ ಪ್ರಶ್ನೆಯ ರೀತಿ ಒಂದೇ ಆದ್ದರಿಂದ ಮಗನಿಗೆ ಕಷ್ಟವಾಗಲಿಲ್ಲ. ಆದರೆ ಮೇಡಂ, ನಮ್ಮ ಕಡೆ ದೊಡ್ಡವರೇ ‘ವೇರ್ ಯೂ ಆರ್ ಗೋಯಿಂಗ್?’ ಎನ್ನುತ್ತಾರಲ್ಲ, ಮಗು ಅದನ್ನೇ ಕಲಿಯುವುದಿಲ್ಲವೇ?

ಉತ್ತರ: ಅಧ್ಯಾಪಕಿ, ತುಮಕೂರು
ನೀವು ಹೇಳುವುದು ಮುಖ್ಯವಾದ ವಿಷಯ. ಮಕ್ಕಳು ಒಂದೇ ನಿಯಮವನ್ನು ಒಮ್ಮೆಲೇ ಕಲಿಯುತ್ತಾರೆಂಬ ಹಳೆಯ ಅಭಿಪ್ರಾಯಕ್ಕೆ ಬದಲಾಗಿ, ಹೆಚ್ಚು ಕಿವಿಗೆ ಬಿದ್ದ ‘ವೈ ಈಸ್’ನಂಥ ಪದಜೋಡಿಗಳನ್ನು ಮೊದಲು ಸರಿಯಾಗಿ ಬಳಸುತ್ತಾರೆ ಎಂದು ಸಂಶೋಧಕರಾದ ರೋಲೆಂಡ್ ಮತ್ತು ಪೈನ್ 2000ದಲ್ಲಿ ವಾದಿಸಿದರು. ನನಗೂ ಅದೇ ಸರಿಯೆನಿಸುತ್ತದೆ. ಹಾಗಾಗಿ ಮಗುವನ್ನು ತಡೆದು ತಿದ್ದುವುದಕ್ಕಿಂತ, ‘ವೈ ಈಸ್ ಹೀ ಕ್ರೈಯಿಂಗ್? ಹೀ ಫೆಲ್ ಡೌನ್’ ಎಂದು ಅವಳ ಪ್ರಶ್ನೆಯನ್ನು ಸರಿಯಾದ ಕ್ರಮದಲ್ಲಿ ಹೇಳಿಯೇ ಉತ್ತರ ಕೊಡಿ. ಈ ವಯಸ್ಸಿನಲ್ಲಿ ಮಗು ಮನೆಮಾತಿನಲ್ಲಿಯೂ ಪ್ರಶ್ನೆ ಕೇಳದಿದ್ದರೆ ಮಾತ್ರ ವಾಕ್ ಚಿಕಿತ್ಸಕರನ್ನು ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗೆ ವ್ಯವಸ್ಥೆಯಿದೆ.