ಮಗು ಮೊದಲು ಕೇಳಲಿ, ವಾದ್ಯವನ್ನು ಆಮೇಲೆ ಆರಿಸಿಕೊಳ್ಳಲಿ

ಎಲ್ಲರಿಗೂ ನಮಸ್ಕಾರ. ಲಂಡನ್ನಿಗೆ ಹೊಸದಾಗಿ ಬಂದ ಸೋದರಿಯೊಬ್ಬರು ಇಲ್ಲಿ ಕೇಳಿದ್ದರು: ಮಗಳಿಗೆ ಯಾವ ವಾದ್ಯ ಕಲಿಸುತ್ತೀರಿ ಎಂದು ಶಾಲೆಯಿಂದ ಚೀಟಿ ಬಂದಿದೆ, ಪಿಟೀಲು ಎನ್ನಲೇ, ಪಿಯಾನೊ ಎನ್ನಲೇ? ಬಂದ ಉತ್ತರಗಳೆಲ್ಲ ಈ ಎರಡರ ಸುತ್ತಲೇ ಸುತ್ತಿದವು. ನನ್ನ ಅಭಿಪ್ರಾಯ ಬೇರೆ. ಚೀಟಿ ತುಂಬುವ ಮೊದಲು ಮಗುವನ್ನು ಒಂದು ವಾದ್ಯವೃಂದದ ಕಛೇರಿಗೆ, ಅದೂ ಕುಟುಂಬಗಳಿಗೆಂದೇ ನಡೆಸುವ ಕಛೇರಿಗೆ, ಕರೆದುಕೊಂಡು ಹೋಗಿ. ನಮ್ಮ ಬಾಯಿಗೆ ಪಿಟೀಲು, ಪಿಯಾನೊ ಬರುವುದು ನಾವು ಬಲ್ಲವು ಅವೆರಡೇ ಆದ್ದರಿಂದ. ಬಾಸೂನ್ ಎಂಬ ಉದ್ದನೆಯ, ಮಂದ್ರ ದನಿಯ ಊದುವ ವಾದ್ಯವನ್ನು ಕಂಡೇ ಇರದ ಮಗು ಅದು ಬೇಕೆಂದು ಕೇಳುವುದಾದರೂ ಹೇಗೆ?

ಈ ಊರಿನಲ್ಲಿ ಅದಕ್ಕೆ ಅವಕಾಶ ಧಾರಾಳವಾಗಿದೆ. ಬಾರ್ಬಿಕನ್ ಕಲಾಕೇಂದ್ರದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಕುಟುಂಬಗಳಿಗಾಗಿ ಕಛೇರಿ ಏರ್ಪಡಿಸುತ್ತದೆ. ಸುಮಾರು ಒಂದು ಗಂಟೆಯ ಕಾರ್ಯಕ್ರಮ, ಜೊತೆಗೆ ವಿವರಿಸಿ ಹೇಳುವವರೊಬ್ಬರು ಇರುತ್ತಾರೆ. ಬೇಸಿಗೆಯಲ್ಲಿ ರಾಯಲ್ ಆಲ್ಬರ್ಟ್ ಹಾಲ್ ಸಭಾಂಗಣದ ಪ್ರಾಮ್ಸ್ ಸಂಗೀತೋತ್ಸವದಲ್ಲೂ ಮಕ್ಕಳಿಗೆ ಹೊಂದುವ ಕಛೇರಿಗಳು ಸಿಗುತ್ತವೆ.

ಮೊದಲ ಸಲಕ್ಕೆ ರಷ್ಯದ ಸಂಗೀತ ರಚನಕಾರ ಪ್ರೊಕೋಫಿಯೆವ್ ಅವರ ‘ಪೀಟರ್ ಅಂಡ್ ದ ವುಲ್ಫ್’ಗೆ ಸಾಟಿಯಿಲ್ಲ. 1936ರಲ್ಲಿ ಮಾಸ್ಕೋದ ಮಕ್ಕಳ ರಂಗಮಂದಿರಕ್ಕಾಗಿ ಬರೆದ ಅರ್ಧ ಗಂಟೆಯೊಳಗಿನ ಕೃತಿ ಅದು. ಒಬ್ಬರು ಕತೆ ಹೇಳುತ್ತಾರೆ, ಒಂದೊಂದು ಪಾತ್ರಕ್ಕೂ ಅದರದೇ ವಾದ್ಯ. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೊ ಎಂಬ ಊದುವ ವಾದ್ಯ, ಬೆಕ್ಕಿಗೆ ಕ್ಲಾರಿನೆಟ್, ಗೊಣಗುವ ಅಜ್ಜನಿಗೆ ಬಾಸೂನ್, ತೋಳಕ್ಕೆ ಮೂರು ಹಾರ್ನ್ ಎಂಬ ಸುರುಳಿ ಕಹಳೆಗಳು, ಹುಡುಗ ಪೀಟರನಿಗೆ ತಂತಿವಾದ್ಯಗಳು. ಬೇಟೆಗಾರರ ಗುಂಡಿನ ಸದ್ದು ಬರುವುದು ಟಿಂಪನಿ ಎಂಬ ನಗಾರಿಗಳು ಮತ್ತು ದೊಡ್ಡ ಡ್ರಮ್ಮಿನಿಂದ. ಕತೆ ಮುಂದುವರಿದಂತೆ ಮಗುವಿನ ಕಿವಿ ತಾನಾಗಿಯೇ ಒಂದೊಂದು ದನಿಯ ಗುರುತು ಹಿಡಿಯುತ್ತದೆ. ಹೋಗುವ ಮುಂಚೆ ಮನೆಯಲ್ಲಿ ಕೆಲವು ದಿನ ಇದನ್ನು ಹಾಕಿಡಿ, ಕತೆಯನ್ನು ಕನ್ನಡದಲ್ಲೇ ಹೇಳಿ. ಇನ್ನೂ ಸ್ವಲ್ಪ ದೊಡ್ಡ ಮಕ್ಕಳಿಗೆ ಇಂಗ್ಲಿಷ್ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಅವರ ‘ಯಂಗ್ ಪರ್ಸನ್ಸ್ ಗೈಡ್ ಟು ದ ಆರ್ಕೆಸ್ಟ್ರಾ’ ಚೆನ್ನ. ಹದಿನೇಳನೆಯ ಶತಮಾನದ ಸಂಗೀತ ರಚನಕಾರ ಪರ್ಸೆಲ್ ಅವರ ಒಂದು ರಾಗವನ್ನು ಮೊದಲು ಎಲ್ಲರೂ ಕೂಡಿ ನುಡಿಸುತ್ತಾರೆ. ಆಮೇಲೆ ಕೊಳಲು, ಓಬೊದಂಥ ಊದುವ ವಾದ್ಯಗಳು, ತಂತಿಯವು, ಹಿತ್ತಾಳೆಯವು, ಬಾರಿಸುವವು ಎಂದು ಬೇರೆ ಬೇರೆಯಾಗಿ ಕೇಳಿಸುತ್ತವೆ. ಕೊನೆಯಲ್ಲಿ ಪಿಕೊಲೊ ಎಂಬ ಪುಟ್ಟ ಕೊಳಲು ಒಂದೇ ಹೊಸ ರಾಗವೊಂದನ್ನು ಹಿಡಿದು ಓಡಲಾರಂಭಿಸುತ್ತದೆ, ಉಳಿದವು ಒಂದೊಂದಾಗಿ ಅದನ್ನು ಸೇರಿಕೊಳ್ಳುತ್ತವೆ, ಅವುಗಳ ಮೇಲೆ ಹಿತ್ತಾಳೆ ವಾದ್ಯಗಳು ಪರ್ಸೆಲ್ ಅವರ ರಾಗವನ್ನು ಎತ್ತಿ ನುಡಿಸುತ್ತವೆ. ಆ ಘಳಿಗೆಯಲ್ಲಿ ನನಗೆ ಪ್ರತಿ ಸಲವೂ ರೋಮಾಂಚನವಾಗುತ್ತದೆ.

ಆಸನದ ವಿಷಯ. ದುಡ್ಡು ಹೆಚ್ಚು ಕೊಟ್ಟು ಮುಂದಿನ ಸಾಲು ಹಿಡಿಯಬೇಡಿ. ಅಲ್ಲಿಂದ ಪಿಟೀಲಿನವರ ಕಾಲುಗಳಷ್ಟೇ ಕಾಣುತ್ತವೆ. ಮೇಲಿನ ಬಾಲ್ಕನಿಯಲ್ಲಿ ಕೂತರೆ ಹಿಂದಿನ ಸಾಲಿನ ಟ್ರೊಂಬೋನು ಎಂಬ ಉದ್ದ ಹಿತ್ತಾಳೆ ಕಹಳೆ, ತಾಳವಾದ್ಯ ಎಲ್ಲವೂ ಕಾಣುತ್ತವೆ. ಸ್ವಲ್ಪ ಬೇಗ ಹೋಗಿ ಶ್ರುತಿ ಮಾಡಿಕೊಳ್ಳುವುದನ್ನೂ ಕೇಳಿಸಿ. ಓಬೊ ಒಂದೇ ಸ್ವರವನ್ನು ಎಳೆದು ಹಿಡಿಯುತ್ತದೆ, ಇಡೀ ವೃಂದ ಅದಕ್ಕೆ ಕೂಡಿಕೊಳ್ಳುತ್ತದೆ. ನಾಗಸ್ವರದಂತೆ ಓಬೊ ಕೂಡ ಜೊಂಡಿನ ಎರಡು ತೆಳು ಪಟ್ಟಿಗಳ ನಡುವೆ ಉಸಿರು ಹಾಯಿಸಿ ನುಡಿಸುವ ವಾದ್ಯ ಎಂದು ಮಗುವಿಗೆ ಹೇಳಿ.

ಇಂಥ ಕಛೇರಿಗಳ ಮುಂಚೆಯೋ ಆಮೇಲೋ ಎಷ್ಟೋ ಕಡೆ ವಾದ್ಯಗಳನ್ನು ಮಕ್ಕಳ ಕೈಗೇ ಕೊಡುತ್ತಾರೆ. ಅದನ್ನು ತಪ್ಪಿಸಬೇಡಿ. ನನ್ನ ಮಗ ಟ್ರೊಂಬೋನಿಗೆ ಕೆನ್ನೆ ಉಬ್ಬಿಸಿ ಊದಿದ, ಬರೀ ಗಾಳಿ ಬಂತು. ನುಡಿಸುವ ಹೆಂಗಸು ಮಂಡಿಯೂರಿ ಕೂತು, ತುಟಿ ಬಿಗಿಹಿಡಿದು ಬ್ರ್‌ರ್ ಎಂದು ಕಂಪಿಸುವುದನ್ನು ತೋರಿಸಿದರು. ಅವನು ಹಾಗೆಯೇ ಮಾಡಿದಾಗ ಹೊರಟ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಹೆಂಗಸು ಟ್ರೊಂಬೋನಿನ ಜಾರುವ ಕೊಳವೆಯನ್ನು ಮೆಲ್ಲಗೆ ಹೊರಗೆಳೆದರು, ಸ್ವರ ಜಾರುತ್ತಾ ಮಂದ್ರಕ್ಕೆ ಇಳಿಯಿತು. ಮನೆಗೆ ಬರುವಾಗ ರೈಲಿನಲ್ಲಿ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನೀವೂ ಕೇಳಬೇಡಿ, ಏನು ಕಲಿತೆ, ಯಾವುದಕ್ಕೆ ಏನು ಹೆಸರು ಎಂದು ಪರೀಕ್ಷೆ ಮಾಡಿದರೆ ಕೇಳಿದ ಸುಖವೆಲ್ಲ ಕರಗುತ್ತದೆ.

ಇದರಿಂದ ನಮ್ಮ ಸಂಗೀತ ಕೈತಪ್ಪೀತು ಎಂದು ಕೆಲವರು ಅಳುಕಿದ್ದೀರಿ. ಆ ಅಳುಕಿಗೆ ಮೈಸೂರೇ ಉತ್ತರ. ಶ್ರೀವಿದ್ಯಾ ಅಂಕಿತದಲ್ಲಿ 94 ಕೀರ್ತನೆಗಳನ್ನು ರಚಿಸಿದ ಜಯಚಾಮರಾಜೇಂದ್ರ ಒಡೆಯರ್ ಅವರೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿ ಎಂಬ ಕಛೇರಿ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದರು. 1950ರಲ್ಲಿ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು ಒಡೆಯರ್ ಅವರ ಧನಸಹಾಯದಿಂದ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೇ ಮನಸೋತರು. ಅವರಿಗೆ ಆ ವಾದ್ಯವನ್ನು ತೋರಿಸಿಕೊಟ್ಟದ್ದು ಅವರ ಕಿವಿಯೇ.

ಒಂದು ತೊಡಕನ್ನು ಮಾತ್ರ ಒಪ್ಪುತ್ತೇನೆ. ಚಿಕ್ಕ ಮಗುವಿಗೆ ಕರ್ನಾಟಕ ಶೈಲಿಯ ಪಿಟೀಲನ್ನೂ ಇಲ್ಲಿಯ ಶಾಲೆಯ ಪಿಟೀಲನ್ನೂ ಒಟ್ಟಿಗೆ ಕಲಿಸುವುದು ಕಷ್ಟ. ಒಂದರಲ್ಲಿ ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಪಾದದ ಮೇಲಿಟ್ಟು ಸ-ಪ-ಸ-ಪ ಶ್ರುತಿಯಲ್ಲಿ ನುಡಿಸಬೇಕು. ಇನ್ನೊಂದರಲ್ಲಿ ಗದ್ದದ ಕೆಳಗಿಟ್ಟು ಜಿ-ಡಿ-ಎ-ಇ ತಂತಿಗಳಲ್ಲಿ. ಮೊದಲ ವರ್ಷಗಳಲ್ಲಿ ಕರ್ನಾಟಕ ಸಂಗೀತ ಹಾಡುಗಾರಿಕೆಯಲ್ಲಿ ಬರಲಿ, ಶಾಲೆಯಲ್ಲಿ ಬೇರೆ ವಾದ್ಯವಿರಲಿ.

ಮಗು ಒಂದನ್ನು ಆರಿಸಿದ ಮೇಲೂ ಕೊಳ್ಳುವ ಅವಸರ ಬೇಡ. ಪಿಟೀಲಿಗೆ ಹದಿನಾರರಲ್ಲಿ ಒಂದು, ಎಂಟರಲ್ಲಿ ಒಂದು, ಕಾಲು, ಅರ್ಧ, ಮುಕ್ಕಾಲು ಎಂದು ಅಳತೆಗಳಿವೆ, ಮಕ್ಕಳು ಬೆಳೆದಂತೆ ಬದಲಿಸುತ್ತಲೇ ಇರಬೇಕು. ನಿಮ್ಮ ಕೌನ್ಸಿಲ್ ಪ್ರದೇಶದ ಸಂಗೀತ ಸೇವೆಯಲ್ಲಿ (ಮಕ್ಕಳಿಗೆ ವಾದ್ಯ ಕಲಿಸುವ ಮ್ಯೂಸಿಕ್ ಸರ್ವಿಸ್) ಬಾಡಿಗೆಗೆ ಕೇಳಿ ನೋಡಿ. ಬಾಸೂನ್, ಹಾರ್ನ್, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲ, ಆಳೆತ್ತರದ ತಂತಿವಾದ್ಯ ಡಬಲ್ ಬಾಸ್ ಕಲಿಯುವ ಮಕ್ಕಳು ಇಲ್ಲಿ ಕಡಿಮೆ, ಮಕ್ಕಳ ವೃಂದಗಳು ಅಂಥವರಿಗಾಗಿ ಹುಡುಕುತ್ತಿರುತ್ತವೆ. ನಿಮ್ಮ ಮಗು ಅವುಗಳಲ್ಲಿ ಒಂದನ್ನು ಇಷ್ಟಪಟ್ಟರೆ ಬೇಡ ಎನ್ನಬೇಡಿ.